ಕಾಯಂ ಪಂಚನ ವಿಲಾಯತಿ ಪ್ರವಾಸ

ಹುಬ್ಬಳ್ಳಿ

ಪೊಲೀಸರು ನಮ್ಮ ಅಕ್ಕನ ಮನೆಯನ್ನು ಶೋಧಿಸಿದ ದಿನ ನಾನು ಅಲ್ಲಿ ನಿಂತು ನೋಡಬೇಕಾಗಿತ್ತು. ನಿಲ್ಲಲಿಲ್ಲ. ನಿಂತು ನೋಡಿದೆ ಎಂದು ಸಹಿ ಮಾತ್ರ ಮಾಡಿದೆ.

ವಿಲಾಯತಿಗೆ ಹೋಗಿ ಬಂದವನು ಹಿಮದ ಸುದ್ದಿ, ರಾಣಿಯ ಅರಮನೆಯ ಸುದ್ದಿ ಬಿಟ್ಟು ಇದೇನು ಪೊಲೀಸರ ಸುದ್ದಿ ತೆಗೆದ ಎಂದು ನೀವು ಕೇಳಬಹುದು. ಅರಮನೆಯನ್ನು ನಾನು ನೋಡಲಿಲ್ಲ. ಹಿಮ ನೋಡಿದೆ, ಹತ್ತಿ ಹಿಂಜುವವನ ಅಂಗಡಿಯ ಮುಂದೆ ಗಾಳಿ ಬೀಸಿದ ಹಾಗಿರುತ್ತದೆ, ಅಷ್ಟೇ. ಅಲ್ಲಿ ನಾನು ಬಹಳ ಹತ್ತಿರದಿಂದ ನೋಡಿದ್ದು ಪೊಲೀಸ್ ಠಾಣೆಯನ್ನೇ. ಅದರ ಕಥೆ ತಿಳಿಯಬೇಕಾದರೆ ಹುಬ್ಬಳ್ಳಿಯಿಂದಲೇ ಶುರು ಮಾಡಬೇಕು.

ನನ್ನದು ಸೈಕಲ್ ಅಂಗಡಿ. ಬಾಡಿಗೆಗೆ ಕೊಡುವುದು, ಪಂಕ್ಚರ್ ತಿದ್ದುವುದು, ಗಾಲಿಯ ಡೊಂಕು ತೆಗೆಯುವುದು. ಅಂಗಡಿಯ ಗೋಡೆಗೆ ಹತ್ತಿಕೊಂಡೇ ಒಂದು ಪೊಲೀಸ್ ಚೌಕಿ. ಯಾವ ಚೌಕಿ ಎಂದು ಹೇಳುವುದಿಲ್ಲ. ನಾನು ಇನ್ನೂ ಅದೇ ಓಣಿಯಲ್ಲಿ ಬಾಳಬೇಕಾಗಿದೆ. ಪೊಲೀಸರು ಯಾರದಾದರೂ ಮನೆಯನ್ನು ಶೋಧಿಸುವಾಗ ಆ ಭಾಗದ ಇಬ್ಬರು ಮರ್ಯಾದಸ್ಥರು ಜೊತೆಗಿರಬೇಕು, ಏನು ಸಿಕ್ಕಿತು, ಎಲ್ಲಿ ಸಿಕ್ಕಿತು ಎಂದು ಕಣ್ಣಾರೆ ನೋಡಿ ಪಂಚನಾಮೆಗೆ ಸಹಿ ಹಾಕಬೇಕು ಎಂಬುದು ಕಾಯ್ದೆ. ಅವರನ್ನು ಪಂಚರು ಎನ್ನುತ್ತಾರೆ. ಮರ್ಯಾದಸ್ಥರನ್ನು ಹುಡುಕುತ್ತ ಜಮಾದಾರರು ಊರೆಲ್ಲ ಏಕೆ ತಿರುಗಬೇಕು? ಗೋಡೆಯ ಆಚೆಗೇ ನಾನಿದ್ದೆ.

"ರುದ್ರಪ್ಪಾ, ಒಂದ ಸಹಿ ಬೇಕಾಗೈತೆಪಾ."

"ಎಲ್ಲಿಗೆ ಬರಬೇಕ್ರಿ ಸಾಹೇಬ್ರ?"

"ಎಲ್ಲಿಗೂ ಬ್ಯಾಡ. ಕೈ ಒರಸಿಕೋ, ಸಾಕು."

ಮೊದಮೊದಲು ಹೋಗಿ ನೋಡಿಯೇ ಸಹಿ ಮಾಡುತ್ತಿದ್ದೆ. ಬರಬರುತ್ತ ಗಿರಾಕಿಗಳನ್ನು ಬಿಟ್ಟು ಹೋಗುವುದು ಬೇಸರವಾಯಿತು. ಜಮಾದಾರರಿಗೂ ನನ್ನನ್ನು ಕರೆದೊಯ್ಯುವುದು ಬೇಸರವಾಯಿತು. ಐದನೇ ಇಯತ್ತೆಗೆ ಶಾಲೆ ಬಿಟ್ಟವನ ಸಹಿಗಾಗಿ ಸರಕಾರ ಬಾಗಿಲಲ್ಲಿ ಕಾದು ನಿಲ್ಲುವುದೆಂದರೆ ಸಣ್ಣ ಮಾತೇ? ಸಹಿಯ ಕೆಳಗೆ ಎರಡು ಗೆರೆ ಎಳೆದು ಒಂದು ಚುಕ್ಕಿ ಇಡುವುದನ್ನು ರೂಢಿಸಿಕೊಂಡೆ. ಓಣಿಯವರು 'ಕಾಯಂ ಪಂಚ' ಎಂದು ಹಾಸ್ಯ ಮಾಡಿದರೆ ನಾನು ಅದನ್ನು ಬಿರುದು ಎಂದೇ ತಿಳಿದುಕೊಂಡೆ.

ನಮ್ಮ ಜಿಲ್ಲೆ ಮುಂಬಯಿಯನ್ನು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದ ಹೊಸತರಲ್ಲಿ ಒಬ್ಬ ವ್ಯಾಪಾರಿಯ ಗೋದಾಮಿನಿಂದ ತಾಮ್ರದ ತಂತಿ ಕಳವಾಯಿತು. ನಮ್ಮ ಅಕ್ಕ ನೀಲವ್ವ ಕೇಶ್ವಾಪುರದಲ್ಲಿ ಇರುತ್ತಿದ್ದಳು. ಅವಳ ಗಂಡ ಈರಣ್ಣ, ನಮ್ಮ ಮಾಮಾ, ಒಂದು ಕಾರಖಾನೆಯಲ್ಲಿ ಲೇಥ್ ಮಷೀನಿನ ಕೆಲಸ ಮಾಡುತ್ತಿದ್ದ. ಸೋರುತ್ತಿದ್ದ ಹಳೆಯ ತಾಮ್ರದ ಹಂಡೆಯೊಂದನ್ನು ಕತ್ತರಿಸಿ ತುಂಡು ಮಾಡಿ ಮನೆಯಲ್ಲಿಟ್ಟಿದ್ದ. ಯಾರೋ ಚಾಡಿ ಹೇಳಿದರು. ಜಮಾದಾರರು ಹೋಗಿ ಶೋಧಿಸಿದರು, ತುಂಡುಗಳನ್ನೂ ಮಾಮಾನನ್ನೂ ಹಿಡಿದು ತಂದರು, ಕಾಗದವನ್ನು ನನ್ನ ಮುಂದೆ ಹಿಡಿದರು. ನಾನು ಒಂದು ಕೈಯಲ್ಲಿ ಗಾಲಿ ತಿರುಗಿಸುತ್ತಲೇ ಇನ್ನೊಂದು ಕೈಯಿಂದ ಸಹಿ ಮಾಡಿದೆ. ಯಾರ ಮನೆ ಎಂದು ಓದಿದ್ದು ಶಾಯಿ ಒಣಗಲೆಂದು ಊದುವಾಗ.

"ಸಾಹೇಬ್ರ, ಇದು ನಮ್ಮ ಅಕ್ಕನ ಮನಿರಿ!"

"ಅಡ್ಡಹೆಸರು ಬ್ಯಾರೆ ಐತೆಲ್ಲ? ನಡೀತೈತಿ ಬಿಡು."

ಬಿಟ್ಟೆ. ಆ ಹಂಡೆಯನ್ನು ಅಕ್ಕನ ಮದುವೆಯಲ್ಲಿ ನಮ್ಮ ತಾಯಿ ಕೊಟ್ಟಿದ್ದಳು. ಸೈಕಲ್ಲಿನ ಕ್ಯಾರಿಯರಿಗೆ ಕಟ್ಟಿಕೊಂಡು ಕೇಶ್ವಾಪುರಕ್ಕೆ ಮುಟ್ಟಿಸಿದವನು ನಾನೇ. ಅಲ್ಲಿ ನಿಂತಿದ್ದರೆ ಒಂದು ಮಾತು ಸಾಕಾಗುತ್ತಿತ್ತು. ಮಾಮಾ ಎರಡು ರಾತ್ರಿ ಲಾಕಪ್ಪಿನಲ್ಲಿ ಕುಳಿತ. ಮುಂದೆ ಧಾರವಾಡದ ಕೋರ್ಟಿನಲ್ಲಿ ಅಕ್ಕನ ವಕೀಲರು ನನ್ನನ್ನು ಕೇಳಿದರು, "ಈ ಹಂಡೆ ಯಾರದು?" ಜಮಾದಾರರು ನನ್ನನ್ನೇ ನೋಡುತ್ತಿದ್ದರು. "ನೆನಪಿಲ್ರಿ" ಎಂದೆ. ತಾಮ್ರ ತನ್ನದೆಂದು ವ್ಯಾಪಾರಿಗೂ ಗುರುತಿಸಲಾಗಲಿಲ್ಲ, ಖಟ್ಲೆ ಬಿದ್ದುಹೋಯಿತು. ಆದರೆ ಮಾಮಾನ ಕೆಲಸ ಹೋಗಿತ್ತು. ಅವನು ಮುಂಬಯಿಗೆ ಹೋದ, ಅಲ್ಲಿಂದ ಇಂಗ್ಲೆಂಡಿಗೆ ಹೋದ, ಅಕ್ಕನನ್ನೂ ಕರೆಸಿಕೊಂಡ. ಹೊರಡುವಾಗ ಅವಳು ನಮ್ಮ ಓಣಿಗೆ ಬಂದು ಎಲ್ಲರಿಗೂ ಹೇಳಿ ಹೋದಳು, ನನ್ನ ಅಂಗಡಿಯೊಂದನ್ನು ಬಿಟ್ಟು.

ಎಷ್ಟೋ ವರ್ಷದ ಮೇಲೆ ಮಾಮಾ ಹಡಗಿನ ಟಿಕೆಟ್ಟು ಕಳಿಸಿದ. ಜೊತೆಗೆ ಒಂದು ಸಾಲು: 'ಬಂದು ಹೋಗು. ನಿಮ್ಮ ಅಕ್ಕ ಕರೆದಿಲ್ಲ, ನಾನು ಕರೆದಿದ್ದೇನೆ.'

ಹಡಗಿನ ಮೇಲೆ

ಹಡಗಿನಲ್ಲಿ ನನಗೆ ಸಿಕ್ಕ ಜೊತೆಗಾರ ನಮ್ಮೂರಿನವನೇ, ಗಡಿಯಾರ ರಿಪೇರಿಯ ಮೆಹಬೂಬಸಾಬ. ತನ್ನ ಅಣ್ಣನ ಕಡೆಗೆ ಹೊರಟಿದ್ದ. ನಾಲ್ಕು ಮಾತು ಇಂಗ್ಲಿಷ್ ಬರುತ್ತಿತ್ತು, ನಲವತ್ತು ಬರುವವನ ಧಾಟಿಯಲ್ಲಿ ಆಡುತ್ತಿದ್ದ.

ಉಣಕಲ್ ಕೆರೆಗಿಂತ ದೊಡ್ಡ ನೀರನ್ನು ನಾನು ಕಂಡವನಲ್ಲ. ಮೊದಲ ದಿನ ಸಮುದ್ರವನ್ನು ನೋಡಿದೆ, ಮರುದಿನ ಸಮುದ್ರ ನನ್ನನ್ನು ನೋಡಿಕೊಂಡಿತು. ಹೊಟ್ಟೆಯಲ್ಲಿದ್ದದ್ದೆಲ್ಲ ಹೊರಗೆ ಬಂದ ಮೇಲೆ ಎದೆಯಲ್ಲಿದ್ದದ್ದೂ ಬಂತು. ಮೆಹಬೂಬಸಾಬನಿಗೆ ಎಲ್ಲವನ್ನೂ ಹೇಳಿದೆ. ಅಕ್ಕನ ಮುಂದೆ ತಪ್ಪೊಪ್ಪಿಕೊಳ್ಳಲಿಕ್ಕೇ ಹೊರಟಿದ್ದೇನೆ, ಬಾಯಿ ಬರುತ್ತದೋ ಇಲ್ಲವೋ ಎಂದೆ.

"ರೂಢಿ ಮಾಡಿಕೋ. ನಾನ ನಿಮ್ಮ ಅಕ್ಕ ಅಂತ ತಿಳಕೊಂಡು ಹೇಳು."

"ಗಡ್ಡ ಇದ್ದ ಅಕ್ಕನ ಮುಂದ ಹೆಂಗ ಹೇಳ್ಲಿ?"

"ಕಣ್ಣ ಮುಚ್ಚಿ ಹೇಳೋ ಮಾರಾಯಾ."

ಕಣ್ಣು ಮುಚ್ಚಿ ಹೇಳಿದೆ. ಅಂದು ಅಂಗಡಿಯಲ್ಲಿ ಎಷ್ಟು ಗಿರಾಕಿಗಳಿದ್ದರು, ಜಮಾದಾರರ ಮೀಸೆ ಎಂಥದು, ಅವರ ಎದುರು ಇಲ್ಲವೆನ್ನುವುದು ಎಷ್ಟು ಕಠಿಣ, ಬಡ ಅಂಗಡಿಕಾರನ ಪಾಡೇನು ಎಂದೆಲ್ಲ ವಿವರಿಸಿದೆ. ಕಣ್ಣು ತೆರೆದಾಗ ಮೆಹಬೂಬಸಾಬ ಆಕಳಿಸುತ್ತಿದ್ದ.

"ಇದು ತಪ್ಪೊಪ್ಪಿಗಿ ಅಲ್ಲೋ ರುದ್ರಪ್ಪ. ಜಮಾದಾರನ ಮ್ಯಾಲಿನ ಫಿರ್ಯಾದಿ. ಇದನ್ನ ಕೇಳಿ ನಿಮ್ಮ ಅಕ್ಕ ನಿನಗ ಸಮಾಧಾನ ಹೇಳಬೇಕೇನು?"

ಏಡನ್ ದಾಟಿತು, ಸುಯೆಜ್ ಕಾಲುವೆ ದಾಟಿತು. ಕಾಲುವೆಯ ದಂಡೆಯಲ್ಲಿ ಒಂಟೆಗಳು ನಮ್ಮ ಹಡಗಿನ ಜೊತೆಗೇ ನಡೆದು ಬಂದವು. ಆಗ ನನ್ನ ತಪ್ಪೊಪ್ಪಿಗೆ ಇನ್ನೂ ಜಮಾದಾರರ ಮೀಸೆಯ ಹತ್ತಿರವೇ ಇತ್ತು.

ಟಿಲ್ಬರಿ ಬಂದರು

ಇಳಿದ ಕೂಡಲೇ ಒಂದು ದೊಡ್ಡ ಕೊಟಡಿಯಲ್ಲಿ ಸುಂಕದವರು. ಬಿಳಿ ಮೀಸೆಯ ಅಧಿಕಾರಿಯೊಬ್ಬ ನನ್ನ ಪೆಟ್ಟಿಗೆಯ ಮುಂದೆ ನಿಂತು ಏನೋ ಕೇಳಿದ.

"ತೋರಸೂವಂಥಾದ್ದು ಏನರ ಐತೇನು ಅಂತಾನ" ಎಂದ ಮೆಹಬೂಬಸಾಬ.

ಸರಕಾರದ ಬಟನ್ನು ಕಂಡರೆ ನನ್ನ ಕೈ ತಾನಾಗಿ ಕೆಲಸ ಮಾಡುತ್ತದೆ. ಪೆಟ್ಟಿಗೆ ತೆರೆದೆ. ಧೋತರ, ಅಂಗಿ, ಅಕ್ಕನಿಗೆ ತಂದ ಇಳಕಲ್ ಸೀರೆ, ಕಡಕ್ ರೊಟ್ಟಿಯ ಗಂಟು, ಶೇಂಗಾ ಚಟ್ನಿ ಎಲ್ಲವನ್ನೂ ಮೇಜಿನ ಮೇಲೆ ಹರವಿದೆ. ಕಿಸೆಗಳನ್ನು ಹೊರಗೆಳೆದು ತೋರಿಸಿದೆ. ಟೊಪ್ಪಿಗೆ ತೆಗೆದು ಬೋರಲು ಹಾಕಿ ಝಾಡಿಸಿದೆ. ಕೋಟಿನ ಗುಂಡಿಗೆ ಕೈ ಹಾಕುವಷ್ಟರಲ್ಲಿ ಅವನೇ ಹಿಂದೆ ಸರಿದು ಎರಡೂ ಕೈ ಎತ್ತಿ ಬೇಡ ಬೇಡ ಎಂದ. ಆಮೇಲೆ ರೊಟ್ಟಿಯ ಗಂಟನ್ನು ಬೆರಳಿನಿಂದ ತೋರಿಸಿ ಮೆಲ್ಲಗೆ ಏನೋ ಕೇಳಿದ.

"ಮುಟ್ಟಲೇನು ಅಂತ ಕೇಳತಾನ."

"ಪೊಲೀಸ ಕೇಳತಾನ?"

"ಪೊಲೀಸ ಅಲ್ಲ, ಸುಂಕದಂವ."

"ಸುಂಕದಂವ ಇಷ್ಟ ಕೇಳಿದ್ರ ಪೊಲೀಸ ಏನ್ ಕಾಲ ಬೀಳತಾನೇನು?"

ಮುಟ್ಟು ಎಂದು ಹೇಳುವವನಿದ್ದೆ. ಅಷ್ಟರಲ್ಲಿ ನನ್ನೊಳಗಿನ ಕಾಯಂ ಪಂಚ ಎಚ್ಚರಾದ. "ಪಂಚರು ಎಲ್ಲಿ ಅದಾರ? ಪಂಚರಿಲ್ಲದ ಪೆಟಗಿ ಝಡತಿ ಹೆಂಗ ಮಾಡ್ತಾರ?" ಎಂದು ದನಿ ಎತ್ತಿದೆ. ಮೆಹಬೂಬಸಾಬ ಹಣೆ ಬಡಿದುಕೊಂಡ. ನಾನೇ ಸಾಲಿನಿಂದ ಒಬ್ಬ ಪಾದ್ರಿಯನ್ನೂ ಕೂಸನ್ನು ಎತ್ತಿಕೊಂಡ ಒಬ್ಬ ತಾಯಿಯನ್ನೂ ಕೈ ಮುಗಿದು ಕರೆತಂದು ಪೆಟ್ಟಿಗೆಯ ಎರಡು ಕಡೆಗೆ ನಿಲ್ಲಿಸಿದೆ. ಇಬ್ಬರೂ ನೋಡಲು ಮರ್ಯಾದಸ್ಥರಿದ್ದರು. ಅಧಿಕಾರಿಗೆ ವಿಷಯ ಗೊತ್ತಾದಾಗ ಮೇಜು ಹಿಡಿದುಕೊಂಡು ನಕ್ಕ. ಪಾದ್ರಿ ಮಾತ್ರ ನಗಲಿಲ್ಲ. ಬಗ್ಗಿ ಒಂದೊಂದೇ ರೊಟ್ಟಿಯನ್ನು ಪರೀಕ್ಷಿಸಿ, ಸರಿ ಇದೆ ಎಂಬಂತೆ ತಲೆಯಾಡಿಸಿದ. ಪೆಟ್ಟಿಗೆಯ ಮೇಲೆ ಸೀಮೆಸುಣ್ಣದ ಗುರುತು ಬಿತ್ತು. ನಾನು ಸೆಟೆದು ಹೊರಬಂದೆ.

ಮೆಹಬೂಬಸಾಬ ನನ್ನನ್ನು ರೈಲು ಹತ್ತಿಸಿ ತನ್ನ ಅಣ್ಣನ ಕಡೆಗೆ ಹೋದ ಮೇಲೆ ಆ ರೊಟ್ಟಿಯಲ್ಲೇ ಒಂದನ್ನು ಮುರಿದು ಬಾಯಿಗಿಟ್ಟೆ. ರೊಟ್ಟಿಯ ಗಂಟಿಗೆ ಇಬ್ಬರು ಪಂಚರು ಬೇಕೆಂದು ಹಟ ಹಿಡಿದವನು ಅಕ್ಕನ ಮನೆಗೆ ಒಬ್ಬನೂ ಆಗಲಿಲ್ಲವಲ್ಲ ಎಂಬುದು ಆಗ ಹೊಳೆಯಿತು. ಉಳಿದ ರೊಟ್ಟಿಯನ್ನು ಗಂಟಿಗೆ ಸೇರಿಸಿ ಕಟ್ಟಿಟ್ಟೆ.

ಬರ್ಮಿಂಗ್‌ಹ್ಯಾಮ್, ಅಕ್ಕನ ಮನೆ

ಮಾಮಾ ಸ್ಟೇಷನ್ನಿಗೆ ಬಂದಿದ್ದ. ಕೂದಲು ಬೆಳ್ಳಗಾಗಿತ್ತು, ನಗು ಹಾಗೇ ಇತ್ತು. ಅಕ್ಕ ಬಾಗಿಲು ತೆರೆದು ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದಳು.

"ಬರ್ರಿ ಪಂಚರ ಸಾಹೇಬ್ರ. ಒಳಗ ಬರ್ರಿ. ಪ್ರವಾಸ ಸುಖ ಆತಿಲ್ರಿ?"

ನನ್ನ ಮೂಗು ಒರೆಸಿ ಬೆಳೆಸಿದ ಅಕ್ಕ ನನಗೆ ಬರ್ರಿ ಎಂದಳು. ಬೈದಿದ್ದರೆ ಹಗುರಾಗುತ್ತಿತ್ತು. ಊಟಕ್ಕೆ ಕುಳಿತಾಗ, "ಇನ್ನೊಂದ ಹಾಕಲ್ರೀ? ನಾಚಬ್ಯಾಡ್ರಿ" ಎಂದಳು. ದೊಡ್ಡ ಸಾಹೇಬನಿಗೆ ಬಡಿಸಿದ ಹಾಗೆ ಬಡಿಸಿದಳು.

ಆ ಊರಿನ ಬಾಗಿಲುಗಳ ಬಗ್ಗೆ ಹೇಳಬೇಕು. ನಮ್ಮಲ್ಲಿ ಬೆಳಗಾದರೆ ಬಾಗಿಲು ತೆರೆಯುತ್ತೇವೆ, ಮಲಗುವಾಗ ಹಾಕುತ್ತೇವೆ. ಹಗಲು ಬಾಗಿಲು ಹಾಕಿದ್ದರೆ, ಈ ಮನೆಯಲ್ಲಿ ಏನೋ ನಡೆದಿದೆ ಎಂದು ಓಣಿಗೆ ಓಣಿಯೇ ಕೂಡುತ್ತದೆ. ನೆರೆಯವಳು ಮಾತಾಡುತ್ತ ಒಲೆಯ ತನಕ ಬರುತ್ತಾಳೆ, ಸಾರಿನ ಉಪ್ಪು ನೋಡಿ ಹೋಗುತ್ತಾಳೆ. ಅಲ್ಲಿ ಹಾಗಲ್ಲ. ಓಣಿಯ ತುಂಬ ಹಗಲೆಲ್ಲ ಹಾಕಿದ ಬಾಗಿಲುಗಳು. ಪಕ್ಕದ ಮನೆಯ ಮುದುಕಿ ದಿನಾ ಮೊಣಕಾಲೂರಿ ತನ್ನ ಹೊಸ್ತಿಲ ಕಲ್ಲನ್ನು ತಿಕ್ಕಿ ಬೆಳ್ಳಗೆ ಮಾಡುತ್ತಿದ್ದಳು. ಇನ್ನೇನು ರಂಗೋಲಿ ಹಾಕುತ್ತಾಳೆ ಎಂದು ನಾನು ಕಾದೆ. ಅವಳು ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಅಂಚೆಯವನು ಪತ್ರವನ್ನು ಬಾಗಿಲಿನ ಸೀಳಿನಲ್ಲಿ ತುರುಕುತ್ತಾನೆ, ಹಾಲಿನವನು ಹೊರಗೇ ಬಾಟಲಿ ಇಟ್ಟು ಹೋಗುತ್ತಾನೆ. ಯಾರೂ ಯಾರ ಮುಖವನ್ನೂ ನೋಡುವುದಿಲ್ಲ.

"ಇವ್ರೇನು ಜಗಳಾಡ್ಯಾರೇನು ಎಲ್ಲಾರೂ?" ಎಂದು ಮಾಮಾನನ್ನು ಕೇಳಿದೆ.

"ನಾನೂ ಮೊದಲ ಹಂಗ ತಿಳಕೊಂಡಿದ್ದೆ. ಆಮ್ಯಾಲ ಖರೇ ತಿಳೀತು. ಬಾಗಲಾ ಹಾಕಿದ್ರ, ಬಂದಾಂವ ಯಾಕ ಬಂದೆ ಅಂತ ಹೊರಗ ನಿಂತು ಹೇಳಬೇಕಾಗತೈತಿ. ನಮ್ಮಲ್ಲೆ ಬಂದಾಂವ ಒಳಗ ಬಂದು ಕುಂತು ಚಾ ಕುಡದ ಮ್ಯಾಲೆ ಯಾಕ ಬಂದಾನ ಅಂತ ತಿಳೀತಿತ್ತು."

ರಾತ್ರಿ ಪಾಳಿ ಮುಗಿಸಿ ಬರುವಾಗ ಅಲ್ಲಿಯ ಪೊಲೀಸರು ಅವನನ್ನೂ ನಿಲ್ಲಿಸಿ ಬುತ್ತಿಯ ಡಬ್ಬಿ ತೆರೆ ಎನ್ನುತ್ತಾರಂತೆ. ಬಿಳಿಯರನ್ನು ಅಷ್ಟಾಗಿ ನಿಲ್ಲಿಸುವುದಿಲ್ಲವಂತೆ. "ಯಾಕ್ರಿ ಸಾಹೇಬ್ರ ಅಂತ ಕೇಳತೇನಿ. ಭಾಳ ನಯವಾಗಿ. ಕಾರಣ ಇದ್ದಾಂವ ಹೇಳತಾನ, ಇಲ್ಲದಾಂವ ಗುಡ್‌ನೈಟ್ ಅಂದು ಹೋಗತಾನ" ಎಂದು ನಕ್ಕ. ಅಕ್ಕ ನಗಲಿಲ್ಲ. ಅವಳು ತಟ್ಟೆ ತೊಳೆಯುತ್ತಿದ್ದಳು.

ದಿನವೂ ಇವತ್ತು ಹೇಳುತ್ತೇನೆ ಎಂದು ಏಳುತ್ತಿದ್ದೆ. "ಅಕ್ಕಾ, ಒಂದ ಮಾತ ಇತ್ತು" ಎನ್ನುತ್ತಿದ್ದೆ. "ಹೇಳ್ರಿ" ಎಂದು ಅವಳು ತಿರುಗಿ ನಿಲ್ಲುತ್ತಿದ್ದಳು. ಆ ಒಂದು 'ಹೇಳ್ರಿ'ಗೆ ನನ್ನ ಮಾತು ಮುರಿದು ಬೀಳುತ್ತಿತ್ತು. "ಇಲ್ಲಿ ಬಿಸಿನೀರಿಂದ ಹೆಂಗ?" ಎನ್ನುತ್ತಿದ್ದೆ. ಹೀಗೆ ಆ ಮನೆಯ ಬಿಸಿನೀರಿನ ವ್ಯವಸ್ಥೆ ನನಗೆ ಚೆನ್ನಾಗಿ ಮನವರಿಕೆಯಾಯಿತು.

ಕ್ಷೌರದಂಗಡಿಯ ಮುಂದೆ

ಅಕ್ಕ ಬ್ರೆಡ್ಡಿನ ಕಾರಖಾನೆಗೆ ಹೋಗುತ್ತಿದ್ದಳು, ಮಾಮಾ ತನ್ನ ಕೆಲಸಕ್ಕೆ. ನಾನು ದಾರಿ ತಪ್ಪಿದರೆ ಇರಲಿ ಎಂದು ಮನೆಯ ಮತ್ತು ತನ್ನ ಕಾರಖಾನೆಯ ವಿಳಾಸ ಬರೆದ ಚೀಟಿಯನ್ನು ಅಕ್ಕ ನನ್ನ ಕಿಸೆಗೆ ಹಾಕಿದ್ದಳು. ಒಂದು ದಿನ ಒಬ್ಬನೇ ತಿರುಗಾಡಲು ಹೊರಟೆ. ಒಂದು ಕ್ಷೌರದಂಗಡಿಯ ಗೋಡೆಗೆ ಸೈಕಲ್ಲೊಂದು ಒರಗಿ ನಿಂತಿತ್ತು. ಚೈನು ಜೋತುಬಿದ್ದಿತ್ತು, ಹಿಂದಿನ ಗಾಲಿ ಒಂದು ಕಡೆಗೆ ವಾಲಿತ್ತು. ಮೂಳೆ ಮುರಿದವನನ್ನು ನೋಡಿ ವೈದ್ಯ ಸುಮ್ಮನೆ ಹೋದಾನೇ? ಎಷ್ಟೋ ದಿನದಿಂದ ಕೈಗೆ ಕೆಲಸವಿರಲಿಲ್ಲ. ನಟ್ಟು ತಿರುಗಿಸುವ ಪಾನಾ ನನ್ನ ಕೋಟಿನ ಕಿಸೆಯಲ್ಲಿ ಯಾವಾಗಲೂ ಇರುತ್ತದೆ. ಕೆಳಗೆ ಕುಳಿತು ನಟ್ಟು ಸಡಿಲಿಸಿ ಗಾಲಿಯನ್ನು ನೆಟ್ಟಗೆ ಎಳೆದು ಬಿಗಿದೆ. ಬಿಗಿತ ಸರಿಯಾಯಿತೇ ಎಂದು ನೋಡಲು ಹತ್ತಿ ನಾಲ್ಕು ಮಾರು ತುಳಿದೆ.

ಅಷ್ಟರಲ್ಲಿ ಸೈಕಲ್ಲಿನ ಧಣಿ ಅಂಗಡಿಯಿಂದ ಹೊರಗೆ ಓಡಿ ಬಂದ. ಅರ್ಧ ಮುಖಕ್ಕೆ ಸಾಬೂನು, ಕುತ್ತಿಗೆಗೆ ಬಿಳಿ ಬಟ್ಟೆ. ಅವನ ಹಿಂದೆ ಕತ್ತಿ ಹಿಡಿದ ಕ್ಷೌರಿಕ. ಇಬ್ಬರೂ ಕೂಗಿದ ಕೂಗಿಗೆ ಮೂಲೆಯಿಂದ ಉದ್ದ ಟೊಪ್ಪಿಗೆಯ ಪೊಲೀಸ ಬಂದ.

ನನಗೆ ಬರುತ್ತಿದ್ದ ಇಂಗ್ಲಿಷ್ ಎರಡೇ ಮಾತು, ಯೆಸ್ ಮತ್ತು ಸರ್. ಪೊಲೀಸನ ಎದುರು ಮೂರನೆಯದು ಬೇಕಾಗುತ್ತದೆ ಎಂದು ನನಗೆ ಎಂದೂ ಅನ್ನಿಸಿರಲಿಲ್ಲ. ಅವನು ಕೇಳಿದ. ಯೆಸ್ ಸರ್ ಎಂದೆ. ಇನ್ನೊಂದು ಕೇಳಿದ. ಯೆಸ್ ಸರ್. ಅವನ ಹುಬ್ಬು ಮೇಲೇರಿತು. ನೋಟ್‌ಬುಕ್ ತೆಗೆದು ಒಂದೊಂದಾಗಿ ಏನೇನೋ ಕೇಳುತ್ತ ಹೋದ. ನಾನು ಒಂದಕ್ಕೂ ಇಲ್ಲವೆನ್ನಲಿಲ್ಲ. ಅಂಥ ಸಭ್ಯ ಮನುಷ್ಯನನ್ನು ಅವನು ತನ್ನ ನೌಕರಿಯಲ್ಲೇ ಕಂಡಿರಲಿಕ್ಕಿಲ್ಲ. ನಾನು ಒಪ್ಪಿಕೊಂಡದ್ದು ಏನನ್ನು ಎಂದು ಆಮೇಲೆ ತಿಳಿಯಿತು: ಈ ಸೈಕಲ್ಲನ್ನು ಕದ್ದದ್ದು, ಹೋದ ತಿಂಗಳು ಗ್ರಂಥಾಲಯದ ಮುಂದಿನಿಂದ ಹೋದದ್ದನ್ನು ಕದ್ದದ್ದು, ಇಗರ್ಜಿಯ ಮುಂದಿನಿಂದ ಹೋದದ್ದನ್ನೂ ಕದ್ದದ್ದು. ಹೋದ ತಿಂಗಳು ನಾನು ಸಮುದ್ರದ ಮೇಲೆ ವಾಂತಿ ಮಾಡಿಕೊಳ್ಳುತ್ತಿದ್ದೆ.

ಠಾಣೆ

ಠಾಣೆಯಲ್ಲಿ ದಪ್ಪ ಮೈಯ ಸಾರ್ಜಂಟ್ ನನ್ನ ಕಿಸೆಯ ಚೀಟಿ ನೋಡಿ ಅಕ್ಕನಿಗೆ ಹೇಳಿ ಕಳಿಸಿದ. ಆಮೇಲೆ ನನ್ನ ಮುಂದೆ ಚಹಾ ಇಟ್ಟ. ನಮ್ಮಲ್ಲಿ ಪೊಲೀಸರು ಬಂದರೆ ಮನೆಯವರು ಚಹಾ ಮಾಡಬೇಕು. ಇಲ್ಲಿ ಕಳ್ಳನಿಗೆ ಪೊಲೀಸರೇ ಚಹಾ ಮಾಡುತ್ತಾರೆ ಎಂದು ನಾನು ಸಂತೋಷದಿಂದ ಕುಡಿದೆ. ಆದರೆ ಅದೇ ಕೊಟಡಿಯ ಇನ್ನೊಂದು ಬಾಕಿನ ಮೇಲೆ ವೆಸ್ಟ್ ಇಂಡೀಸಿನ ಬಸ್ ಕಂಡಕ್ಟರನೊಬ್ಬ ಕುಳಿತಿದ್ದ. ಅವನಿಗೆ ಚಹಾ ಬಂದಿರಲಿಲ್ಲ. ಅವನೊಡನೆ ಮಾತಾಡುವಾಗ ಸಾರ್ಜಂಟನ ದನಿಯೇ ಬೇರೆಯಾಗುತ್ತಿತ್ತು.

ಸಾರ್ಜಂಟ್ ದೊಡ್ಡ ಹಾಳೆಯ ಮೇಲೆ ಬರೆಯತೊಡಗಿದ. ನಡುನಡುವೆ ಕೇಳಿದಾಗ ನಾನು ಯೆಸ್ ಸರ್ ಎನ್ನುತ್ತಿದ್ದೆ. ಬರೆದು ಮುಗಿಸಿ, ಹಾಳೆಯನ್ನು ನನ್ನ ಕಡೆ ತಿರುಗಿಸಿ, ಪೆನ್ನು ಕೊಟ್ಟ.

ಬಹಳ ದಿನದ ಮೇಲೆ ಪರಿಚಯದವರು ಸಿಕ್ಕ ಹಾಗಾಯಿತು. ಕೋಟಿಗೆ ಕೈ ಒರೆಸಿಕೊಂಡೆ, ಪೆನ್ನು ಹಿಡಿದೆ. ಮೊದಲ ಅಕ್ಷರದ ತಲೆಕಟ್ಟು ಎಳೆಯುವಷ್ಟರಲ್ಲಿ ಯಾರೋ ನನ್ನ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದರು.

"ಬಿಡೋ ಪೆನ್ನು! ಮಬ್ಬ ಸೂಳೀಮಗನ, ಏನ ಬರದಾರ ಗೊತ್ತೈತೇನು?"

ಅಕ್ಕ. ಸೀರೆಯ ಮೇಲೆ ಮಾಮಾನ ಕೋಟು, ಕೈಗೆಲ್ಲ ಹಿಟ್ಟು. ಕಾರಖಾನೆಯಿಂದ ಹಾಗೇ ಓಡಿ ಬಂದಿದ್ದಳು. ಅವಳ ಇಂಗ್ಲಿಷ್ ನಮ್ಮ ಓಣಿಯ ರಸ್ತೆಯ ಹಾಗೆ, ನಡುನಡುವೆ ತಗ್ಗು; ಆದರೆ ಮುಟ್ಟಬೇಕಾದಲ್ಲಿಗೆ ಮುಟ್ಟುತ್ತದೆ. ಸಾರ್ಜಂಟನಿಗೆ ನೇರವಾಗಿ ಹೇಳಿದಳು: ಇವನಿಗೆ ನಿಮ್ಮ ಭಾಷೆ ಬರುವುದಿಲ್ಲ. ಬರೆದದ್ದನ್ನು ಮೊದಲು ಓದಿ. ನಾನು ಇವನಿಗೆ ತಿಳಿಸಿ ಹೇಳುತ್ತೇನೆ. ಅಲ್ಲಿಯ ತನಕ ಸಹಿ ಇಲ್ಲ.

ಸಾರ್ಜಂಟ್ ಕೆಮ್ಮಿ, ನೆಟ್ಟಗೆ ಕುಳಿತು, ಓದುವುದಕ್ಕೆ ಮೊದಲು ಒಂದು ಮಾತನ್ನು ನಿಧಾನವಾಗಿ ಹೇಳಿದ. ಅಕ್ಕ ನನಗೆ ಹೇಳಿದಳು. "ನೀ ಏನೂ ಹೇಳಬೇಕಂತ ಜುಲುಮಿ ಇಲ್ಲಂತ. ಹೇಳಿದ್ರ ಬರಕೋತಾರಂತ, ಕೋರ್ಟಿನ್ಯಾಗ ತೋರಸ್ತಾರಂತ."

"ಪೊಲೀಸರು ಕೇಳಿದಾಗ ಸುಮ್ಮ ಕುಂತ್ರ ಕಪಾಳಕ್ಕ ಬೀಳತೈತೆಲ್ಲ ಅಕ್ಕಾ?"

"ಸುಮ್ಮ ಕುಂಡ್ರೂದು ನಿನ್ನ ಹಕ್ಕು."

"ವಿಲಾಯತಿ ಕಾಯ್ದೆ ಭಾಳ ಛಲೋ ಐತಿ ಬಿಡು."

ಅಕ್ಕ ನನ್ನನ್ನು ನೋಡಿದ ನೋಟಕ್ಕೆ ಕಪ್ಪಿನಲ್ಲಿ ಉಳಿದಿದ್ದ ಚಹಾ ತಣ್ಣಗಾಯಿತು. "ವಿಲಾಯತಿದಂತ! ನಮ್ಮ ಸಂವಿಧಾನದಾಗೂ ಐತಿ. ತನ್ನ ಕುತಗೀಗೆ ತಾನ ಹಗ್ಗ ಹಾಕ್ಕೊಳ್ಳು ಅಂತ ಯಾರೂ ಜುಲುಮಿ ಮಾಡೂಹಂಗಿಲ್ಲ. ಹಿಡದ್ರ ಯಾಕ ಹಿಡದೇವಿ ಅಂತ ಹೇಳಬೇಕು, ವಕೀಲರನ್ನ ಕಾಣಾಕ ಬಿಡಬೇಕು, ಒಂದ ದಿವಸದಾಗ ಮ್ಯಾಜಿಸ್ಟ್ರೇಟರ ಮುಂದ ನಿಲ್ಲಸಬೇಕು. ಪೊಲೀಸರ ಮುಂದ ಹೇಳಿದ ಜಬಾನಿಗೆ ಸಹಿ ಮಾಡೂದ ಬ್ಯಾಡ ಅಂತೈತಿ ನಮ್ಮ ಕಾಯ್ದೆ. ಹೆಂಗಸರನ್ನ ಚೌಕಿಗೆ ಬಾ ಅನ್ನೂಹಂಗಿಲ್ಲ. ಧಾರವಾಡದ ಕೋರ್ಟಿನ ಕಟ್ಟಿ ಮ್ಯಾಲೆ ಕುಂತ ಕುಂತ ಎಲ್ಲಾ ಕಲತೇನಿ. ನಿಮ್ಮ ಮಾಮಾನ್ನ ಹಿಡದ ದಿವಸ ನನಗ ಗೊತ್ತಿರಲಿಲ್ಲ."

ಸಾರ್ಜಂಟ್ ಓದಿದ. ಒಂದೊಂದು ಸಾಲಿಗೂ ಅಕ್ಕ ನನ್ನನ್ನು ಕೇಳಿದಳು. ಗ್ರಂಥಾಲಯದ ಸೈಕಲ್ಲು ಬಂದಾಗ ನನ್ನ ಕೋಟಿನ ಒಳಕಿಸೆಯಿಂದ ಪಾಸ್‌ಪೋರ್ಟ್ ತೆಗೆಸಿ ಅದರ ಮೇಲಿನ ಮುದ್ರೆ ತೋರಿಸಿದಳು. ಸಾರ್ಜಂಟ್ ಅದನ್ನು ಹೊಡೆದುಹಾಕಿದ. ಇಗರ್ಜಿಯದನ್ನೂ ಹೊಡೆದುಹಾಕಿದ. ಅಷ್ಟರಲ್ಲಿ ಸೈಕಲ್ಲಿನ ಧಣಿ ಉಳಿದರ್ಧ ಗಡ್ಡ ಮಾಡಿಸಿಕೊಂಡು ಅದೇ ಸೈಕಲ್ ಹತ್ತಿ ಬಂದ. ಚೈನು ಒಮ್ಮೆಯೂ ಜಾರಲಿಲ್ಲ, ಈ ಮನುಷ್ಯ ಕದಿಯುತ್ತಿರಲಿಲ್ಲ, ರಿಪೇರಿ ಮಾಡುತ್ತಿದ್ದ ಎಂದು ಅವನೇ ಸಾಕ್ಷಿ ಹೇಳಿದ. ಹೊರಡುವಾಗ ಬ್ರೇಕನ್ನೂ ಸ್ವಲ್ಪ ನೋಡಲು ಆದೀತೇ ಎಂದು ಕೇಳಿದನಂತೆ. ಅಕ್ಕ ಆಗುವುದಿಲ್ಲ ಎಂದಳು.

ಹೊರಗೆ ಬರುವಾಗ ನಾನು ಆ ಬಸ್ ಕಂಡಕ್ಟರನನ್ನು ಹಿಂತಿರುಗಿ ನೋಡಿದೆ. "ಇವರೂ ಎಲ್ಲಾರಿಗೂ ಚಾ ಕೊಡೂದಿಲ್ಲ" ಎಂದಳು ಅಕ್ಕ. "ಬಾಜೂಕ ಯಾರರ ನಿಂತಿದ್ರ ಎಲ್ಲಾ ದೇಶದ ಪೊಲೀಸರೂ ಛಲೋ ಆಗತಾರ." ಮತ್ತೆ ಒಳಗೆ ಹೋಗಿ ಅವನ ಪಕ್ಕ ನಿಂತು, ನಿನ್ನ ಮನೆಯವರಿಗೆ ಯಾರಿಗಾದರೂ ಹೇಳಿ ಕಳಿಸಬೇಕೇ ಎಂದು ಕೇಳಿದಳು. ಅವನು ಒಂದು ವಿಳಾಸ ಹೇಳಿದ. ನಾವು ಬಸ್ಸು ಬಿಟ್ಟು ನಡೆದುಕೊಂಡೇ ಆ ಮನೆಗೆ ಹೋಗಿ ಸುದ್ದಿ ಮುಟ್ಟಿಸಿ ಬಂದೆವು.

ಮತ್ತೆ ಅಕ್ಕನ ಮನೆ

ಮಾಮಾ ಕೆಲಸದಿಂದ ಬರುವ ಹೊತ್ತಿಗೆ ಸುದ್ದಿ ಅವನಿಗೆ ಮುಟ್ಟಿತ್ತು. ಬಾಗಿಲಲ್ಲೇ ಶುರು ಮಾಡಿದ. "ಏನಪಾ ರುದ್ರಪ್ಪ, ಒಟ್ಟ ಎಷ್ಟ ಸೈಕಲ್ಲು? ಹೇಳಿದ್ರ ನಾನೂ ಒಂದ ಒಪ್ಪಿಕೊಳ್ಳತೇನಿ, ನಿನಗ ಭಾರ ಆಗಬಾರದು." ಸಾಬೂನಿನ ಮುಖದ ಧಣಿಯ ಕಥೆಯನ್ನು ಎರಡು ಸಲ ಹೇಳಿಸಿದ. ನಕ್ಕು ನಕ್ಕು ಕಣ್ಣು ಒರೆಸಿಕೊಂಡ. ನಾನೂ ನಕ್ಕೆ. ಅಕ್ಕ ಕೋಟನ್ನು ಗೂಟಕ್ಕೆ ಹಾಕಿ ನನ್ನ ಎದುರಿಗೆ ಕುಳಿತಳು.

"ಅಂವ ಪೆನ್ನ ಕೊಟ್ಟ ಕೂಡಲೇ ಕೈ ಒರಸಿಕೊಂಡೆಲ್ಲೋ. ಏನ ಬರದಾನ ಅಂತ ಒಮ್ಮಿನೂ ಕೇಳಲಿಲ್ಲ."

ನಾನು ಆ ಕೈಯನ್ನು ಕೋಟಿನ ಕಿಸೆಗೆ ಹಾಕಿಕೊಂಡೆ.

"ಪಂಚ ಅಂದ್ರ ಯಾರ ಮನಶ್ಯಾ ಅಂತ ತಿಳಕೊಂಡಿದ್ದಿ ಇಷ್ಟ ದಿವಸ?"

"ಪೊಲೀಸರ ಮನಶ್ಯಾ" ಎಂದೆ.

"ಅಲ್ಲೋ. ಪೊಲೀಸರು ಇಲ್ಲದ್ದನ್ನ ತಂದಿಟ್ಟು ಐತಿ ಅನ್ನಬಾರದು, ಇದ್ದದ್ದನ್ನ ಒಯ್ದು ಇದ್ದಿಲ್ಲ ಅನ್ನಬಾರದು ಅಂತ ಊರಾಗಿನ ಇಬ್ಬರನ್ನ ನಿಲ್ಲಸ್ತಾರ. ಪಂಚ ಅಂದ್ರ ಮನಿಯವ್ರ ಸಲುವಾಗಿ ಇರಾಂವ." ಅವಳು ಸೆರಗಿನಿಂದ ಕೈಯ ಹಿಟ್ಟನ್ನು ಒರೆಸುತ್ತಲೇ ಇದ್ದಳು. "ಆ ದಿನ ಜಮಾದಾರ ಒಳಗ ಬಂದಾಗ ನಾ ಅಂಜಲಿಲ್ಲ, ನಿನಗ ಗೊತ್ತೈತೇನು? ಪಂಚರು ಯಾರ್ರಿ ಅಂತ ಕೇಳಿದೆ. ನಿಮ್ಮ ತಮ್ಮನ ಅಂದ. ಜೀವಕ್ಕ ತಂಪಾತು. ರುದ್ರ ಬರತಾನ, ಹಂಡೇ ನೋಡತಾನ, ಇದು ನಮ್ಮ ಅವ್ವಂದ್ರಿ ಅಂತಾನ, ಮುಗೀತು ಅಂದ್ಕೊಂಡೆ. ಅವರು ಹಾಸಿಗಿ ಕಿತ್ತಿ ಒಗದ್ರು, ಹಿಟ್ಟಿನ ಡಬ್ಬಿ ಬೋರಲ ಹಾಕಿದ್ರು. ನಾ ಒಳಗ ನೋಡಲೇ ಇಲ್ಲ. ಬಾಗಲದಾಗ ನಿಂತು ದಾರಿ ನೋಡಾಕತ್ತಿದ್ದೆ. ಸೈಕಲ್ಲಿನ ಗಂಟಿ ಬಾರಿಸಿದಾಗೊಮ್ಮೆ ನೀ ಬಂದಿ ಅಂತ ತಿಳದೆ. ಇವರನ್ನ ಕರಕೊಂಡು ಹೋದ ಮ್ಯಾಲೂ ನಿಂತಿದ್ದೆ."

ಇದು ನನಗೆ ಗೊತ್ತಿರಲಿಲ್ಲ. ಅವಳಿಗೆ ನನ್ನ ಮೇಲೆ ಸಿಟ್ಟು ಎಂದಷ್ಟೇ ನಾನು ತಿಳಿದಿದ್ದೆ. ನನ್ನ ಹೆಸರು ಕೇಳಿ ಅವಳಿಗೆ ಧೈರ್ಯ ಬಂದಿತ್ತು ಎಂಬುದು, ಅಷ್ಟು ವರ್ಷ ಆ ಸಹಿಯನ್ನು ನೆನೆನೆನೆದು ನಾಚಿಕೊಂಡ ನನಗೆ ಒಮ್ಮೆಯೂ ಹೊಳೆದಿರಲಿಲ್ಲ.

"ಇರ್ಲಿ ಬಿಡ ನೀಲಾ. ಊಟಕ್ಕ ಹಾಕು" ಎಂದ ಮಾಮಾ.

"ನೀವು ಸುಮ್ಮನಿರ್ರಿ. ಅಂವಾ ಹೇಳ್ಲಿ. ಏನೋ ಒಂದ ಮಾತ ಐತಿ ಅಂತ ದಿನಾ ಬಿಸಿನೀರ ಕೇಳಾಕತ್ತಾನ."

ಅವಳ ಕಣ್ಣು ತುಂಬಿತ್ತು, ತುಟಿಯ ಅಂಚಿನಲ್ಲಿ ಮಾತ್ರ ಸಣ್ಣ ನಗೆ ಇತ್ತು. ಮಾಮಾ ಕುರ್ಚಿ ಎಳೆದುಕೊಂಡು ಅವಳ ಪಕ್ಕ ಕುಳಿತ. ನಾನು ಎದ್ದು ನಿಂತೆ. ಅಂಗಡಿಯ ಗಿರಾಕಿಗಳೂ ಜಮಾದಾರರ ಮೀಸೆಯೂ ನಾಲಿಗೆಯ ತುದಿಗೆ ಬಂದವು. ಅವುಗಳನ್ನು ನುಂಗಿದೆ.

"ಅಕ್ಕಾ, ಆ ದಿನ ನಾ ಬರಲಿಲ್ಲ. ಬಂದು ನೋಡೇನಿ ಅಂತ ಸಹಿ ಮಾಡಿದೆ. ಹಂಡೇ ಅವ್ವಂದು ಅಂತ ಖರೇ ನೆನಪಿತ್ತು. ನೆನಪಿಲ್ಲ ಅಂತ ಕೋರ್ಟಿನ್ಯಾಗ ನಿನ್ನ ಮುಂದ ಸುಳ್ಳ ಹೇಳಿದೆ. ಮಾಮಾ, ನಿಮ್ಮನ್ನ ಲಾಕಪ್ಪಿನ್ಯಾಗ ಕುಂಡ್ರಿಸಿದ್ದು ನಾನು. ನಂದು ತಪ್ಪಾತು. ಇಬ್ಬರೂ ನನಗ ಕ್ಷಮಾ ಮಾಡ್ರಿ."